ಮೊದಲು ಹಳೆಯ ಬೀಗದ ಕೈ

ಭದ್ರಾವತಿಯ ಪೈಪ್ ಫ್ಯಾಕ್ಟರಿಯ ಕ್ವಾರ್ಟರ್ಸಿನಲ್ಲಿ ಮುನ್ನೂರ ಹನ್ನೆರಡು ಮನೆಗಳಿದ್ದವು. ಅಷ್ಟಕ್ಕೂ ಒಬ್ಬನೇ ಜಂಬಣ್ಣ. ಹೆಸರಿನಲ್ಲಿ ಬಿಟ್ಟರೆ ಬೇರೆಲ್ಲೂ ಜಂಬವಿಲ್ಲದ ಮನುಷ್ಯ. ಎಸ್ಟೇಟ್ ಆಫೀಸಿನ ಗೋಡೆಗೆ ಹೊಡೆದ ಹಲಗೆಯ ಮೇಲೆ ಮುನ್ನೂರ ಹನ್ನೆರಡು ಮೊಳೆ, ಮೊಳೆಗೊಂದು ಡೂಪ್ಲಿಕೇಟ್ ಬೀಗದ ಕೈ, ಅದರ ಕೆಳಗೆ ಜಂಬಣ್ಣನ ಮೇಜು. ಅವನು ಕಣ್ಣು ಮುಚ್ಚಿ ಕೂತಿದ್ದಾಗ ಯಾರಾದರೂ ಒಂದು ಬೀಗದ ಕೈ ಅಲ್ಲಾಡಿಸಿದರೆ, "ಬಿ ನಲವತ್ತೇಳು, ಬಚ್ಚಲ ಚಿಲಕ ಸಡಿಲ" ಎನ್ನುತ್ತಿದ್ದ. ಪರೀಕ್ಷೆ ಮಾಡೋಣವೆಂದು ಒಬ್ಬ ತನ್ನ ಸೈಕಲ್ಲಿನ ಬೀಗದ ಕೈ ಅಲ್ಲಾಡಿಸಿದನಂತೆ. "ಇದು ಮನೆ ಅಲ್ಲ ಮಾರಾಯ. ಹಿಂದಿನ ಚಕ್ರಕ್ಕೆ ಗಾಳಿ ಹಾಕಿಸು" ಎಂದನಂತೆ ಜಂಬಣ್ಣ. ಇದನ್ನು ನಂಬದವರು ಇಡೀ ಕ್ವಾರ್ಟರ್ಸಿನಲ್ಲಿ ಇಬ್ಬರೇ ಇದ್ದರು. ಅವರೂ ಆಮೇಲೆ ವರ್ಗವಾಗಿ ಹೋದರು.

ಮನೆಗಳಲ್ಲಿ ಮೂರು ತರಹ. ಎ ಟೈಪಿಗೆ ಒಂದು ಕೋಣೆ, ಬಿ ಟೈಪಿಗೆ ಎರಡು, ಸಿ ಟೈಪಿಗೆ ನಾಲ್ಕು. ಹೊಸದಾಗಿ ಮದುವೆಯಾದವನಿಗೆ ಎ. ಸಂಸಾರ ಬೆಳೆದು ಮಂಚದ ಕೆಳಗೂ ಜನ ಮಲಗುವಂತಾದರೆ ಬಿ. ಬಡ್ತಿ ಸಿಕ್ಕಿ, ಆ ಸುದ್ದಿ ಕೇಳಿ ಮಾವನ ಮನೆಯವರೆಲ್ಲ ಬಂದು ತಳವೂರಿದರೆ ಸಿ. ಹೀಗೆ ದೊಡ್ಡ ಮನೆಗೆ ಹೋಗುವ ದಿನಕ್ಕೆ ಒಂದು ಪದ್ಧತಿ ಇತ್ತು. ಮೊದಲು ಹಳೆಯ ಮನೆಯನ್ನು ಪೂರ್ತಿ ಖಾಲಿ ಮಾಡಿ ಅದರ ಬೀಗದ ಕೈ ತಂದು ಜಂಬಣ್ಣನ ಮೇಜಿನ ಮೇಲಿಡಬೇಕು. ವಾಚ್‌ಮನ್ ಹುಲಿಯಪ್ಪ ಆ ಮನೆಗೆ ಹೋಗಿ ಹೊಸ್ತಿಲ ಒಳಗೆ ಸುಣ್ಣದಲ್ಲಿ ದೊಡ್ಡದಾಗಿ 'ಖಾಲಿ' ಎಂದು ಬರೆಯಬೇಕು, ಬಲ್ಬು, ನಲ್ಲಿ, ಕಿಟಕಿ ಗಾಜು ಎಣಿಸಿ ಬರಬೇಕು, ಸಾಹೇಬರು ಸಹಿ ಹಾಕಬೇಕು. ಇಷ್ಟಾದ ಮೇಲೆ ಹೊಸ ಮನೆಯ ಬೀಗದ ಕೈ. ಬೆಳಿಗ್ಗೆ ಒಂಬತ್ತಕ್ಕೆ ಹಳೆಯದನ್ನು ಕೊಟ್ಟವರಿಗೆ ಹೊಸದು ಸಿಗುವಾಗ ಸಂಜೆ ನಾಲ್ಕು. ಹುಲಿಯಪ್ಪ ಕಿಟಕಿ ಗಾಜು ಎಣಿಸುವ ವೇಗ ನೋಡಿದರೆ ಭದ್ರಾ ನಾಲೆಯ ಆಮೆಗಳು ಎಕ್ಸ್‌ಪ್ರೆಸ್ ಬಸ್ಸು ಅನ್ನಿಸಬೇಕು.

ಅಷ್ಟೂ ಹೊತ್ತು ಸಂಸಾರ ಬೀದಿಯಲ್ಲಿ. ಕ್ವಾರ್ಟರ್ಸಿನ ಮಾತಿನಲ್ಲಿ ಅದಕ್ಕೆ 'ಬೀದಿ ದಿನ' ಎಂದೇ ಹೆಸರು. ಮಂಚ, ಬೀರು, ರುಬ್ಬುಗುಂಡು, ಉಪ್ಪಿನಕಾಯಿ ಜಾಡಿ, ಅಜ್ಜಿ, ಎಲ್ಲ ಸಾಲಾಗಿ ರಸ್ತೆ ಬದಿಗೆ. ಈಗ ನೆನೆದರೆ ಹಬ್ಬದ ಹಾಗೆ ಕಾಣುತ್ತದೆ. ಎದುರುಮನೆ ತಮಿಳರಿಂದ ಇಡ್ಲಿ ಬರುತ್ತಿತ್ತು, ಪಕ್ಕದ ತೆಲುಗರಿಂದ ಗೋಂಗೂರ ಚಟ್ನಿ. ರಸ್ತೆಯಲ್ಲಿ ಹಾಕಿದ ಮಂಚದ ಮೇಲೆ ಕೂತು ಮೂರು ಭಾಷೆಯಲ್ಲಿ ಊಟ. ಯಾರ ಮನೆಯಲ್ಲಿ ಎಷ್ಟು ಪಾತ್ರೆ, ಯಾರ ಹಾಸಿಗೆಗೆ ಎಷ್ಟು ತೇಪೆ ಎನ್ನುವುದು ಊರಿಗೆಲ್ಲ ಗೊತ್ತಾಗುತ್ತಿತ್ತು. ಬೀದಿ ದಿನ ಹೊರಗೆ ನಿಂತ ಬೀರು ನೋಡಿಯೇ ಎರಡು ಮದುವೆ ಕುದುರಿದ್ದವು, ಮೂರು ಮುರಿದಿದ್ದವು.

ಒಂದು ಬೀದಿ ದಿನವನ್ನು ಮಾತ್ರ ಜಂಬಣ್ಣ ಯಾರ ಹತ್ತಿರವೂ ತಮಾಷೆಗೆ ಹೇಳುತ್ತಿರಲಿಲ್ಲ. ತೊಂಬತ್ತೆರಡರ ಜೂನ್. ಫೌಂಡ್ರಿಯ ಹೊನ್ನಯ್ಯನಿಗೆ ಬಿ ಟೈಪ್ ಮಂಜೂರಾಗಿತ್ತು. ಸಾಮಾನೆಲ್ಲ ರಸ್ತೆಗೆ ಬಂದಿದ್ದಾಗ ಮಧ್ಯಾಹ್ನ ಹನ್ನೆರಡಕ್ಕೆ ಮಳೆ ಹಿಡಿಯಿತು. ಹೊನ್ನಯ್ಯನ ಹೆಂಡತಿ ಕರಿಯಮ್ಮ ಸೆರಗನ್ನು ತಲೆಯ ಮೇಲೆ ಹಾಕಿಕೊಂಡು ಆಫೀಸಿನ ಬಾಗಿಲಿಗೆ ಓಡಿ ಬಂದಳು. ಹೊಸ ಮನೆಯ ಬೀಗದ ಕೈ ಜಂಬಣ್ಣನ ಬೆರಳಿನಲ್ಲೇ ತೂಗುತ್ತಿತ್ತು. ಸಾಹೇಬರ ಸಹಿ ಬಂದಿರಲಿಲ್ಲ.

"ಸಾರ್, ಆ ಮನೆ ಖಾಲಿ ಐತೆ. ಬೀಗದ ಕೈಯೂ ನಿಮ್ಮ ಹತ್ರಾನೇ ಐತೆ. ಕೊಟ್ರೆ ಒಳಗಿಟ್ಕೊಂತೀವಿ."

"ಪದ್ಧತಿ ಕಣಮ್ಮ. ಸಹಿ ಆಗ್ಬೇಕು."

ಅವಳು ಬೀಗದ ಕೈಯನ್ನು ನೋಡಿದಳು, ಅವನ ಮುಖ ನೋಡಿದಳು, ಹೊರಟುಹೋದಳು. ರಸ್ತೆಯ ನೀರು ಟ್ರಂಕಿನ ತಳಕ್ಕೆ ನುಗ್ಗಿತ್ತು. ಮೇಲಿದ್ದ ಸೀರೆಗಳಿಗೆ ಏನೂ ಆಗಲಿಲ್ಲ. ತಳದಲ್ಲಿ ಬಟ್ಟೆ ಸುತ್ತಿ ಜೋಪಾನ ಮಾಡಿದ್ದ, ತೀರಿಹೋದ ಅವಳಪ್ಪನ ಒಂದೇ ಒಂದು ಫೋಟೋ ಕರಗಿ ಕಂದು ಕಲೆಯಾಗಿತ್ತು.

ತೊಂಬತ್ತೆಂಟರಲ್ಲಿ ಫ್ಯಾಕ್ಟರಿ ಅರ್ಧ ಜನಕ್ಕೆ ಸ್ವಯಂ ನಿವೃತ್ತಿ ಕೊಟ್ಟಿತು. ಸ್ವಯಂ ಎನ್ನುವುದು ಫ್ಯಾಕ್ಟರಿಯದು, ನಿವೃತ್ತಿ ಮಾತ್ರ ಜಂಬಣ್ಣನದು. ಇಪ್ಪತ್ತೆರಡು ವರ್ಷದ ಹಲಗೆಯನ್ನು ಕಿರಿಯ ಗುಮಾಸ್ತ ಕಲ್ಲಪ್ಪನಿಗೆ ಒಪ್ಪಿಸಿ, ನಲವತ್ತೇಳನೆಯ ವಯಸ್ಸಿಗೆ ಹಳೇ ನಗರದ ತನ್ನ ಮನೆಗೆ ಬಂದು ಕೂತ. ಕೂತ ಎಂದರೆ ತಪ್ಪು. ಮೂರನೆಯ ದಿನವೇ ಅಡುಗೆಮನೆಯ ಡಬ್ಬಿಗಳಿಗೆಲ್ಲ ನಂಬರು ಹಾಕಿದ. ನಾಲ್ಕನೆಯ ದಿನ ಹೆಂಡತಿ ಮಹಾಂತಮ್ಮ ಸಾಸಿವೆಗೆ ಕೈ ಹಾಕಿದಾಗ "ಮೊದಲು ಜೀರಿಗೆ ಡಬ್ಬಿ ವಾಪಸ್ ಇಡು" ಎಂದ. ಒಲೆಯ ಮೇಲೆ ಎಣ್ಣೆ ಕಾದು ಹೊಗೆಯಾಡುತ್ತಿತ್ತು. ಮಹಾಂತಮ್ಮ ಅದಕ್ಕಿಂತ ಹೆಚ್ಚು ಕಾದಳು.

"ರೀ, ಎಲ್ಲಾದ್ರೂ ಹೋಗಿ. ಬೆಳಿಗ್ಗೆ ಹೋಗಿ ಸಂಜೆ ಬನ್ನಿ. ಶಿವಮೊಗ್ಗದಲ್ಲಿ ಅದೇನೋ ಕಂಪ್ಯೂಟರ್ ಹೇಳಿಕೊಡ್ತಾರಂತಲ್ಲ, ಅದನ್ನಾದ್ರೂ ಕಲೀರಿ."

"ಈ ವಯಸ್ಸಿಗಾ?"

"ಕಂಪ್ಯೂಟರ್‌ಗೆ ನಿಮ್ಮ ವಯಸ್ಸು ಕಾಣಲ್ಲ. ನನಗೆ ದಿನಾ ಕಾಣ್ತಿದೆ."

ಹೀಗೆ ಜಂಬಣ್ಣ ಭದ್ರಾವತಿ–ಶಿವಮೊಗ್ಗ ಪ್ರೈವೇಟ್ ಬಸ್ಸಿನ ದಿನನಿತ್ಯದ ಗಿರಾಕಿಯಾದ. ಐವತ್ತೆರಡು ಸೀಟಿನ ಬಸ್ಸು. ಮಾಚೇನಹಳ್ಳಿ ಬರುವ ಹೊತ್ತಿಗೆ ಕಂಡಕ್ಟರು "ಒಳಗ್ ಹೋಗಿ, ಒಳಗ್ ಹೋಗಿ, ಒಳಗೆ ಬಯಲಿದೆ" ಎನ್ನುತ್ತಾ ನೂರಿಪ್ಪತ್ತು ಜನರನ್ನು ತುಂಬಿರುತ್ತಿದ್ದ. ಅಷ್ಟು ಜನ ಒಟ್ಟಿಗೆ ಉಸಿರೆಳೆದರೆ ಬಸ್ಸಿನ ತಗಡು ಒಳಕ್ಕೆ ಹೋಗಿ, ಬಿಟ್ಟರೆ ಹೊರಕ್ಕೆ ಬರುತ್ತಿತ್ತು. ಕೊನೆಗೆ ಹತ್ತಿದವನು ಬಾಗಿಲಲ್ಲಿ ನೇತಾಡುತ್ತಿದ್ದನಾದ್ದರಿಂದ ಮೊದಲು ಇಳಿಯುವವನೂ ಅವನೇ. ಭದ್ರಾವತಿಯಲ್ಲೇ ಹತ್ತಿ ಹಿಂದಿನ ಮೂಲೆ ಸೇರಿದ ಜಂಬಣ್ಣ ಇಳಿಯುವುದು ಎಲ್ಲರಿಗಿಂತ ಕೊನೆಗೆ. ಇದಕ್ಕೊಂದು ಇಂಗ್ಲಿಷ್ ಹೆಸರಿದೆ, ಅದನ್ನು ಕಲಿಯಲು ಜನ ಫೀಸು ಕಟ್ಟುತ್ತಾರೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಪಾತ್ರೆ ಅಂಗಡಿ. ಅದರ ಮಹಡಿಯ ಮೇಲೆ ನಂದಿ ಕಂಪ್ಯೂಟರ್ ಸೆಂಟರ್. ಏಳು ಕಂಪ್ಯೂಟರು, ಕಿಟಕಿಗೆ ದಪ್ಪ ಪರದೆ, ಒಂದು ಏಸಿ. ಆ ಏಸಿ ಎಂಥದ್ದೆಂದರೆ, ಏಪ್ರಿಲ್ ತಿಂಗಳಲ್ಲಿ ತಪ್ಪಿ ಒಳಗೆ ಬಂದ ನೊಣವೊಂದು ಸ್ವೆಟರ್ ಕೇಳಿತಂತೆ. ಮಾಲೀಕ ಪ್ರಸನ್ನಕುಮಾರ್, ಯಾವಾಗಲೂ ಇಸ್ತ್ರಿ ಮಾಡಿದ ಶರ್ಟು. ಪಾಠ ಹೇಳುವವರು ಸುಷ್ಮಾ ಮೇಡಂ. ಮೇಡಂಗೆ ಇಪ್ಪತ್ತನಾಲ್ಕು, ವಿದ್ಯಾರ್ಥಿಗೆ ನಲವತ್ತೇಳು. ಮೊದಲ ದಿನ ಅವರು ಒಳಗೆ ಬಂದಾಗ ಜಂಬಣ್ಣ ಎದ್ದು ನಿಂತ. ಯಾರೋ ಮಕ್ಕಳ ಅಡ್ಮಿಶನ್‌ಗೆ ಬಂದಿದ್ದಾರೆ ಎಂದುಕೊಂಡು ಮೇಡಮ್ಮೂ ನಿಂತೇ ಇದ್ದರು. ಇಬ್ಬರೂ ಐದು ನಿಮಿಷ ಹಾಗೇ ನಿಂತಿದ್ದರು.

ಆರು ತಿಂಗಳಲ್ಲಿ ಜಂಬಣ್ಣನಿಗೆ ಕಂಪ್ಯೂಟರಿನ ನೀಲಿ ಪರದೆಯ ಮೇಲೆ ಪ್ರೋಗ್ರಾಂ ಬರೆಯುವ ಹುಚ್ಚು ಹತ್ತಿತು. ಯಾವ ಸಾಲಿನ ಕೊನೆಯಲ್ಲಿ ಚುಕ್ಕೆ ತಪ್ಪಿದೆ ಎಂದು ದೂರದಿಂದಲೇ ಹೇಳುತ್ತಿದ್ದ. ಪಕ್ಕದಲ್ಲಿ ಕೂತ ಕಾಲೇಜು ಹುಡುಗಿಯರು "ಅಂಕಲ್, ನಂದು ಯಾಕೆ ಓಡ್ತಿಲ್ಲ ನೋಡಿ" ಎಂದು ಕರೆಯತೊಡಗಿದರು. ಇಪ್ಪತ್ತೆರಡು ವರ್ಷ ಜನ ಅವನ ಮುಂದೆ ಬಂದು ನಿಂತದ್ದು ಬೀಗದ ಕೈಗಾಗಿ. ಇಲ್ಲಿ ಬಂದು ನಿಂತದ್ದು ಅವನಿಗೆ ಗೊತ್ತಿದ್ದದ್ದಕ್ಕಾಗಿ. ಈ ವ್ಯತ್ಯಾಸ ಅವನ ಎದೆಗೆ ಎಷ್ಟು ಹಿತವಾಗಿತ್ತೆಂದರೆ, ಅದನ್ನು ಮಹಾಂತಮ್ಮನಿಗೂ ಹೇಳಲಿಲ್ಲ. ಹೇಳಿದರೆ ಕರಗಿಹೋದೀತು ಅನ್ನಿಸಿತ್ತು.

ಅಷ್ಟರಲ್ಲಿ ಸುಷ್ಮಾ ಮೇಡಂಗೆ ದಾವಣಗೆರೆಯ ಸಂಬಂಧ ಗೊತ್ತಾಯಿತು. ಡಿಸೆಂಬರ್ ಕೊನೆಗೆ ಕೆಲಸ ಬಿಡುತ್ತಾರೆ. ಜಂಬಣ್ಣ ಧೈರ್ಯ ಮಾಡಿ ಪ್ರಸನ್ನಕುಮಾರನ ಮುಂದೆ ನಿಂತು, ಆ ಜಾಗ ತನಗೆ ಕೊಡಬಹುದೇ ಎಂದು ಕೇಳಿದ.

"ಕೊಡಬಹುದು ಜಂಬಣ್ಣ ಅವರೇ. ಆದ್ರೆ ನಿಮ್ಮದೇ ಪ್ರಾಕ್ಟಿಕಲ್ ಫೇಲಾಗಿದೆಯಲ್ಲ! ಡಿಸೆಂಬರ್‌ನಲ್ಲಿ ಪಾಸ್ ಮಾಡ್ಕೊಳ್ಳಿ, ಜನವರಿ ಬ್ಯಾಚ್ ನಿಮ್ಮದು. ಇಲ್ಲಾಂದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ."

ಫೇಲಾದದ್ದು ನಿಜ. ಮೇ ತಿಂಗಳ ಪರೀಕ್ಷೆಗೆ ಹೊರಗಿನಿಂದ ಬಂದಿದ್ದವರು ಶಿವಯೋಗಪ್ಪ ಎಂಬ ನಿವೃತ್ತ ಲೆಕ್ಚರರು. ಅವರ ಹಲ್ಲಿನ ಬಣ್ಣ ಯಾವುದೆಂದು ಅವರ ಮನೆಯವರಿಗೂ ಗೊತ್ತಿರಲಿಲ್ಲ. ನಕ್ಕರೆ ತಾನೇ ಗೊತ್ತಾಗುವುದು. ಸ್ಟ್ಯಾಕ್ ಬರೆಯಿರಿ ಎಂದಿದ್ದರು. ಸ್ಟ್ಯಾಕ್ ಎಂದರೆ ಒಂದರ ಮೇಲೊಂದು ಪೇರಿಸಿದ ಅಟ್ಟಿ. ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯಬೇಕು. ಜಂಬಣ್ಣ ಹತ್ತು ಅಂಕಿ ಹಿಡಿಸುವ ಜಾಗ ಮಾಡಿ ಚೊಕ್ಕಟವಾಗಿ ಬರೆದಿದ್ದ. ಶಿವಯೋಗಪ್ಪನವರು ಬಂದು ಹನ್ನೊಂದನೆಯದನ್ನು ಇಟ್ಟರು. ಕಂಪ್ಯೂಟರು ಕಲ್ಲಾಗಿ ನಿಂತಿತು.

ಸುಷ್ಮಾ ಮೇಡಂ ಅವನನ್ನು ಕೆಳಗಿನ ಪಾತ್ರೆ ಅಂಗಡಿಗೆ ಕರೆದುಕೊಂಡು ಹೋಗಿ, ಸ್ಟೀಲ್ ತಟ್ಟೆಗಳ ಅಟ್ಟಿಯ ಮುಂದೆ ನಿಲ್ಲಿಸಿದರು.

"ಈ ಕಪಾಟಿನಲ್ಲಿ ಹತ್ತೇ ತಟ್ಟೆ ಹಿಡಿಯೋದು. ಹನ್ನೊಂದನೇದನ್ನ ಎಲ್ಲಿ ಇಡ್ತೀರಾ?"

"ಬೀದೀಲಿ ಮೇಡಂ."

"ಅದಕ್ಕೇ ಹ್ಯಾಂಗ್ ಆಗಿದ್ದು. ತುಂಬಿದ ಕೂಡ್ಲೇ ಕಂಪ್ಯೂಟರ್ ಹತ್ರ ಎರಡರಷ್ಟು ಜಾಗ ಕೇಳಿ ತಗೋಬೇಕು. ಇದ್ದಿದ್ದನ್ನೆಲ್ಲ ಅಲ್ಲಿಗೆ ಸಾಗಿಸ್ಬೇಕು. ಹಳೇ ಜಾಗ ಬಿಟ್ಟುಕೊಡ್ಬೇಕು. ಅರೇ ಅಂದ್ರೆ ಅಂಕಿ ಇಡೋ ಸಾಲು, ಅದೇ ಬೆಳೀತಾ ಹೋಗುತ್ತೆ."

ಜಂಬಣ್ಣನ ಮುಖ ಅರಳಿತು. "ಅಯ್ಯೋ ಮೇಡಂ, ಇದು ಎ ಟೈಪಿಂದ ಬಿ ಟೈಪಿಗೆ ಹೋಗೋದು! ಇದನ್ನ ನಾನು ನಿದ್ದೇಲೂ ಮಾಡ್ತೀನಿ."

ಮಾಡಿಯೂಬಿಟ್ಟ. ಮೊದಲಿಗೆ ನಾಲ್ಕು ಅಂಕಿಯ ಜಾಗ, ತುಂಬಿದರೆ ಎಂಟು, ಅದೂ ತುಂಬಿದರೆ ಹದಿನಾರು. ಮೇಡಂ ಹೇಳಿದ ಮೂರು ಕೆಲಸಗಳನ್ನೂ ಬಿಡದೆ ಬರೆದ. ಕ್ರಮ ಮಾತ್ರ ಎಸ್ಟೇಟ್ ಆಫೀಸಿನದು. ಹಳೆಯ ಜಾಗದ ವಿಳಾಸವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಂತೆ ಇಟ್ಟುಕೊಂಡು, ಮೊದಲು ಆ ಜಾಗ ಬಿಟ್ಟುಕೊಡುವುದು. ಆಮೇಲೆ ಹೊಸದನ್ನು ಕೇಳುವುದು. ಆಮೇಲೆ ಸಾಮಾನು ಸಾಗಿಸುವುದು. ಬೇರೆ ಕ್ರಮವೊಂದು ಇರಬಹುದು ಎಂಬ ಯೋಚನೆ ಕೂಡ ಅವನಿಗೆ ಬರಲಿಲ್ಲ.

ಚೋದ್ಯವೆಂದರೆ ಅದು ಸರಿಯಾಗಿ ಓಡಿತು. ನೂರು ಅಂಕಿ ಇಟ್ಟ, ನೂರೂ ಹಿಂದಿನಿಂದ ಮುಂದಕ್ಕೆ ತಪ್ಪದೆ ಬಂದವು. ಸುಷ್ಮಾ ಮೇಡಂ ಬಂದ ಉತ್ತರ ನೋಡಿ, "ವೆರಿ ಗುಡ್" ಎಂದು ರೆಕಾರ್ಡಿಗೆ ಸಹಿ ಹಾಕಿದರು. ಅರವತ್ತು ಜನಕ್ಕೆ ಒಬ್ಬರೇ ಮೇಡಂ. ಬರೆದದ್ದನ್ನು ಸಾಲುಸಾಲಾಗಿ ಓದಲು ಅವರಿಗೆ ಪುರುಸೊತ್ತೆಲ್ಲಿ? ಜಂಬಣ್ಣ ಅವತ್ತು ಗಾಂಧಿ ಬಜಾರಿನಿಂದ ಅರ್ಧ ಕೆಜಿ ಜಿಲೇಬಿ ಕಟ್ಟಿಸಿಕೊಂಡು ಬಸ್ಸು ಹತ್ತಿದ. ಭದ್ರಾವತಿಯಲ್ಲಿ ಇಳಿಯುವ ಹೊತ್ತಿಗೆ ಜಿಲೇಬಿಯಷ್ಟೂ ಚಪಾತಿಯಾಗಿತ್ತು, ಬಸ್ಸಿನ ಕೃಪೆ. ಮಹಾಂತಮ್ಮ ಅದನ್ನೇ ಹರಿದು ತಿಂದಳು.

ಡಿಸೆಂಬರ್ ಪರೀಕ್ಷೆಗೂ ಶಿವಯೋಗಪ್ಪನವರೇ ಬಂದರು. ಜಂಬಣ್ಣ ಬರೆದು ಓಡಿಸಿದ. ಅವರು ಹನ್ನೊಂದನೆಯದನ್ನು ಇಟ್ಟರು, ಮೂವತ್ತನೆಯದನ್ನು ಇಟ್ಟರು. ಕಂಪ್ಯೂಟರು ಕದಲಲಿಲ್ಲ. ಪ್ರಿಂಟರಿನ ಪಕ್ಕ ನಿಂತಿದ್ದ ಸುಷ್ಮಾ ಮೇಡಂ ಉಸಿರುಬಿಟ್ಟರು. ಗಾಜಿನ ಬಾಗಿಲ ಆಚೆ ಪ್ರಸನ್ನಕುಮಾರನ ಇಸ್ತ್ರಿ ಶರ್ಟು ಕಾಣುತ್ತಿತ್ತು.

"ಒಂದೇ ಸ್ಟ್ಯಾಕ್ ಇಟ್ಟಿದ್ದೀರಿ. ಎರಡು ಇಡಿ" ಎಂದರು ಶಿವಯೋಗಪ್ಪ. "ಒಂದರಲ್ಲಿ ಒಂದರಿಂದ ಒಂಬತ್ತು. ಇನ್ನೊಂದರಲ್ಲಿ ನೂರೊಂದರಿಂದ ನೂರೊಂಬತ್ತು. ಇದಕ್ಕೊಂದು, ಅದಕ್ಕೊಂದು, ಹಾಗೆ ಹಾಕ್ತಾ ಹೋಗಿ. ಆಮೇಲೆ ಮೊದಲನೇದನ್ನ ಪೂರ್ತಿ ತೆಗೀರಿ."

ಜಂಬಣ್ಣ ಎರಡಿಟ್ಟ. ತುಂಬಿದ. ತೆಗೆದ. ಪರದೆಯ ಮೇಲೆ ಒಂಬತ್ತು ಬಂತು, ಎಂಟು, ಏಳು, ಆರು, ಐದು, ನಾಲ್ಕು, ಮೂರು. ಆಮೇಲೆ ಯಾವ ಜನ್ಮದಲ್ಲೂ ಅವನು ಇಡದ ಎರಡು ಅಂಕಿ, ಅದರಲ್ಲೊಂದಕ್ಕೆ ಮುಂದೆ ಮೈನಸ್ ಬೇರೆ.

"ಎರಡೂ ಒಂದೂ ಎಲ್ಲಿ ರೀ?"

ಜಂಬಣ್ಣ ಕನ್ನಡಕ ಸರಿಮಾಡಿಕೊಂಡು ಪರದೆಯತ್ತ ಬಾಗಿದ.

"ಹತ್ತು ನಿಮಿಷ ಕೊಡ್ತೀನಿ. ಹುಡುಕಿ. ಸಿಗದಿದ್ರೆ ಮೇ ತಿಂಗಳಲ್ಲಿ ನೋಡೋಣ."

ಮೇ ತಿಂಗಳಿಗೆ ಆ ಜಾಗದಲ್ಲಿ ಬೇರೆ ಯಾರೋ ಪಾಠ ಹೇಳುತ್ತಿರುತ್ತಾರೆ. ಜಂಬಣ್ಣ ಏಸಿಯ ಚಳಿಯಲ್ಲೂ ಬೆವರಿದ. ಬೆರಳಿಟ್ಟು ಒಂದೊಂದೇ ಸಾಲು ಓದಿದ. ಎಲ್ಲ ಸರಿ ಇದೆ. ಮತ್ತೆ ಓದಿದ. ಚುಕ್ಕೆಗಳಿವೆ, ಆವರಣಗಳಿವೆ. ಮೂರನೆಯ ಸಲ ಓದುವಾಗ ಅಂಕಿಗಳ ಮೇಲೆ ಮನಸ್ಸು ನಿಂತಿತು. ಒಂಬತ್ತರಿಂದ ಮೂರರವರೆಗೆ ಏನೂ ಆಗಿಲ್ಲ. ಮೇಲಿನದೆಲ್ಲ ನೆಟ್ಟಗಿದೆ. ಕೆಟ್ಟಿರುವುದು ತಳದ ಎರಡು ಮಾತ್ರ.

ಮೇಲಿನ ಸೀರೆಗಳಿಗೆ ಏನೂ ಆಗಿರಲಿಲ್ಲ. ಕೆಟ್ಟದ್ದು ತಳದಲ್ಲಿದ್ದ ಫೋಟೋ.

ಅವನ ಬೆರಳು ತಾನಾಗಿ ಹೋಗಿ ಆ ಸಾಲಿನ ಮೇಲೆ ನಿಂತಿತು: ಹಳೆಯ ಜಾಗ ಬಿಟ್ಟುಕೊಡುವ ಸಾಲು. ಬಿಟ್ಟುಕೊಟ್ಟ ತಕ್ಷಣ ಏನಾಗುತ್ತದೆ? ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಹುಲಿಯಪ್ಪ ಸುಣ್ಣ ಹಿಡಿದು ಒಳಗೆ ಬರುತ್ತಾನೆ. ಹೊಸ್ತಿಲ ಒಳಗೆ, ಎಲ್ಲಕ್ಕಿಂತ ಮೊದಲ ಜಾಗದಲ್ಲಿ, ಒಂದು ಎರಡು ಕೂತಿದ್ದಲ್ಲೇ, 'ಖಾಲಿ' ಎಂದು ಬರೆಯುತ್ತಾನೆ. ಅಲ್ಲಿ ಏನಿತ್ತು, ಯಾರದಿತ್ತು ಎಂದು ನೋಡುವುದಿಲ್ಲ. ಈ ಯಂತ್ರದಲ್ಲೂ ಒಬ್ಬ ಹುಲಿಯಪ್ಪ ಇದ್ದಾನೆ. ಸಾಮಾನು ಇನ್ನೂ ಒಳಗಿರುವಾಗಲೇ ಬೀಗದ ಕೈ ಒಪ್ಪಿಸಿ, ಆಮೇಲೆ ಸಾಮಾನು ತರಲು ಹೋಗಿದ್ದೇನೆ.

ಹಾಗಾದರೆ ಮೊದಲು ಏನು ಮಾಡಬೇಕು? ಹೊಸ ಜಾಗ ತೆಗೆದುಕೊಳ್ಳಬೇಕು. ಸಾಮಾನು ಸಾಗಿಸಬೇಕು. ಎಲ್ಲ ಸೇರಿತೇ ಎಂದು ನೋಡಿ, ಆಮೇಲೆ ಹಳೆಯದನ್ನು ಬಿಡಬೇಕು. ಅಷ್ಟೇ. ಎರಡು ಬೀಗದ ಕೈ ಒಂದು ಅರ್ಧ ದಿನ ಒಬ್ಬರ ಹತ್ತಿರವೇ ಇದ್ದರೆ ಯಾವ ಫ್ಯಾಕ್ಟರಿ ಮುಳುಗುತ್ತದೆ?

ಜಂಬಣ್ಣ ಆ ಸಾಲನ್ನು ಅಳಿಸಿ, ಸಾಗಿಸುವ ಸಾಲುಗಳ ಕೆಳಗೆ ಮತ್ತೆ ಬರೆದ. ಅರ್ಧ ನಿಮಿಷದ ಕೆಲಸ. 

ಓಡಿಸಿದ. ಮೂರು, ಎರಡು, ಒಂದು.

ಶಿವಯೋಗಪ್ಪನವರು ಕುರ್ಚಿ ಎಳೆದುಕೊಂಡು ಕೂತರು. "ಇದನ್ನ ಹಿಂದುಮುಂದು ಮಾಡಿ ಬರೆದಿದ್ದು ಯಾಕೆ?"

"ಅಭ್ಯಾಸ ಸಾರ್."

"ಒಂದೇ ಸ್ಟ್ಯಾಕ್ ಇದ್ದಾಗ ಸರಿ ಬರ್ತಿತ್ತಲ್ಲ, ಅದು ಹೇಗೆ?"

ಜಂಬಣ್ಣ ಯೋಚಿಸಿದ. "ಪಕ್ಕದಲ್ಲಿ ಯಾರೂ ಇರ್ಲಿಲ್ಲ ಸಾರ್. ಬಿಟ್ಟ ಮನೇನೇ ಗೋಡೆ ಸರಿಸಿ, ದೊಡ್ಡದು ಮಾಡಿ, ವಾಪಸ್ ನನಗೇ ಕೊಟ್ಟಿದೆ. ಖಾಲಿ ಅಂತ ಬರೆಯೋ ಕೆಲಸಾನೇ ಬೀಳ್ಲಿಲ್ಲ, ಸಾಮಾನು ಇದ್ದಲ್ಲೇ ಇತ್ತು. ಪಕ್ಕದಲ್ಲಿ ಇನ್ನೊಂದು ಸಂಸಾರ ಬಂದ ಮೇಲೆ ಗೋಡೆ ಸರಿಸೋಕಾಗಲ್ಲ, ಬೇರೆ ಕಡೆ ಕೊಡುತ್ತೆ. ಆಗ ಬಣ್ಣ ಬಯಲಾಯ್ತು."

"ಸರಿ. ಎರಡರಷ್ಟೇ ಯಾಕೆ ಬೆಳೆಸ್ಬೇಕು? ಒಂದೊಂದೇ ಜಾಗ ಹೆಚ್ಚಿಸ್ಕೊಂಡು ಹೋಗಿ."

"ಮಗು ಹುಟ್ಟಿದಾಗಲೆಲ್ಲ ಮನೆ ಬದಲಾಯಿಸಿದ್ರೆ, ಆರು ಮಕ್ಕಳಿದ್ದೋನು ಆರು ಸಲ ಬೀರು ಹೊರ್ಬೇಕಾಗುತ್ತೆ ಸಾರ್. ಅವನ ಸೊಂಟ ಉಳಿಯುತ್ತಾ? ಒಂದು ಸಲ ದೊಡ್ಡದಕ್ಕೆ ಹೋದ್ರೆ ಬಹಳ ದಿನ ಆ ಮಾತೇ ಇರಲ್ಲ."

"ಖಾಲಿ ಆಗ್ತಾ ಬಂದ್ರೆ? ಯಾವಾಗ ಸಣ್ಣದು ಮಾಡ್ತೀರಿ?"

"ಅರ್ಧ ಖಾಲಿ ಆದ ಕೂಡ್ಲೇ ಬೇಡ. ದೀಪಾವಳಿಗೆ ಮಗಳು ಅಳಿಯ ಬಂದ್ರೆ ಮತ್ತೆ ದೊಡ್ಡದಕ್ಕೆ ಅರ್ಜಿ ಹಾಕ್ಬೇಕು, ಅವರು ಹೋದ್ರೆ ಮತ್ತೆ ಸಣ್ಣದಕ್ಕೆ. ವರ್ಷವೆಲ್ಲ ಬರೀ ಸಾಮಾನು ಹೊರೋದೇ ಆಗುತ್ತೆ. ಮುಕ್ಕಾಲು ಖಾಲಿ ಆಗ್ಲಿ, ಆಮೇಲೆ ಅರ್ಧದಷ್ಟಕ್ಕೆ ಇಳಿಯೋಣ."

"ಏನೂ ಇಲ್ಲದ ಸ್ಟ್ಯಾಕಿಂದ ತೆಗಿ ಅಂದ್ರೆ?"

ಇದನ್ನು ಜಂಬಣ್ಣ ಬರೆದಿರಲಿಲ್ಲ. "ಖಾಲಿ ಮನೆ ಬಾಗಿಲು ಯಾರು ತಟ್ತಾರೆ ಸಾರ್?"

"ತಟ್ಟೇ ತಟ್ತಾರೆ ರೀ. ಜನ ಇರೋದೇ ಹಾಗೆ." ಶಿವಯೋಗಪ್ಪನವರು ನಾಲ್ಕು ಮಾರ್ಕು ಕತ್ತರಿಸಿದರು. ಕತ್ತರಿಸುವಾಗ ಅವರ ಮೀಸೆಯ ಒಂದು ಪಕ್ಕ ಸ್ವಲ್ಪ ಮೇಲೆದ್ದಿತ್ತು ಎಂದು ಸುಷ್ಮಾ ಮೇಡಂ ಆಮೇಲೆ ಆಣೆ ಮಾಡಿ ಹೇಳಿದರು.

ಫಲಿತಾಂಶಕ್ಕೆ ಒಂಬತ್ತು ದಿನ ಇತ್ತು. ಮರುದಿನವೇ ಜಂಬಣ್ಣ ಎಸ್ಟೇಟ್ ಆಫೀಸಿಗೆ ಹೋದ. ಮುನ್ನೂರ ಹನ್ನೆರಡು ಮೊಳೆಯ ಹಲಗೆಯ ಕೆಳಗೆ ಈಗ ಕಲ್ಲಪ್ಪ ಕೂತಿದ್ದ.

"ಕಲ್ಲಪ್ಪ, ಒಂದು ಮಾತು ಕೇಳು. ಜನಕ್ಕೆ ಮೊದಲು ಹೊಸ ಮನೆ ಬೀಗದ ಕೈ ಕೊಟ್ಟುಬಿಡು. ಸಾಗಿಸಿಕೊಂಡ ಮೇಲೆ ಹಳೇದು ತಗೊ."

"ಏನ್ ಜಂಬಣ್ಣಾರೇ, ಕಂಪ್ಯೂಟರ್ ಹೇಳ್ತಾ?" ಕಲ್ಲಪ್ಪ ನಕ್ಕ. "ಪದ್ಧತಿ ಅಲ್ವಾ? ನೀವೇ ಹೇಳಿಕೊಟ್ಟಿದ್ದು."

"ಹೌದು, ನಾನೇ. ಎಲ್ಲಿ, ಆ ರೂಲ್ಸ್ ಪುಸ್ತಕ ತೆಗಿ. ತಿದ್ದೋಕೆ ಸಾಹೇಬರಿಗೆ ಒಂದು ಅರ್ಜಿ ಬರೆದುಕೊಡ್ತೀನಿ."

ಬೀರುವಿನ ಮೇಲಿಂದ ಧೂಳು ಕೊಡವಿ ಪುಸ್ತಕ ತೆಗೆದರು. ಜಂಬಣ್ಣನ ಕಾಲದಲ್ಲಿ ಅದನ್ನು ಯಾರೂ ತೆಗೆದಿರಲಿಲ್ಲ. ತೆಗೆಯುವ ಅಗತ್ಯವೇ ಬಿದ್ದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತಲ್ಲ. ಹದಿನೇಳನೆಯ ಪುಟದಲ್ಲಿ ಒಂದೇ ಸಾಲು: 'ಹಳೆಯ ಹಾಗೂ ಹೊಸ ವಸತಿಯ ಬೀಗದ ಕೈಗಳ ವಿನಿಮಯವು ಒಂದೇ ದಿನದಲ್ಲಿ ಆಗತಕ್ಕದ್ದು.' ಯಾವುದು ಮೊದಲು, ಯಾವುದು ಆಮೇಲೆ ಎಂದು ಇರಲಿಲ್ಲ. ಜಂಬಣ್ಣ ಪುಟ ತಿರುಗಿಸಿದ. ಹಿಂದಿನ ಪುಟವನ್ನೂ ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಅವನಿಗೆ ಆ ಕ್ರಮ ಹೇಳಿಕೊಟ್ಟದ್ದು ಹಿಂದಿನ ಗುಮಾಸ್ತರು, ಅವರಿಗೆ ಅವರ ಹಿಂದಿನವರು. ಬರೆದವರು ಯಾರೂ ಇಲ್ಲ.

"ಅರ್ಜಿ ಯಾವುದಕ್ಕೆ ಬರೀತೀರಿ ಜಂಬಣ್ಣಾರೇ? ತಿದ್ದೋಕೆ ಇಲ್ಲಿ ಏನೂ ಇಲ್ವಲ್ಲ" ಎಂದ ಕಲ್ಲಪ್ಪ. ಈ ಸಲ ನಗಲಿಲ್ಲ.

ಜಂಬಣ್ಣ ಅಲ್ಲಿಂದ ಎದ್ದು ಬಿ ಟೈಪ್ ಸಾಲಿನ ಕಡೆ ನಡೆದ. ಹೊನ್ನಯ್ಯನ ಮನೆಯಲ್ಲಿ ಬೇರೆ ಯಾರೋ ಇದ್ದರು. ಹೊನ್ನಯ್ಯ ಕರಿಯಮ್ಮ ತರೀಕೆರೆ ಕಡೆ ಹೋದರಂತೆ, ಒಂದು ವರ್ಷವಾಯಿತಂತೆ. ಬಾಗಿಲಲ್ಲಿದ್ದ ಹೆಂಗಸು "ಏನಾದ್ರೂ ಹೇಳ್ಬೇಕಿತ್ತಾ?" ಎಂದು ಕೇಳಿದಳು. ಏನೂ ಇಲ್ಲವೆಂದು ತಲೆಯಾಡಿಸಿ ಬಂದ.

ಫಲಿತಾಂಶ ಬಂತು. ಪಾಸು. ಪ್ರಸನ್ನಕುಮಾರ್ ಮಾತು ಉಳಿಸಿಕೊಂಡು, ಜನವರಿ ಮೂರು, ಸೋಮವಾರ, ಬೆಳಿಗ್ಗೆ ಎಂಟರ ಬ್ಯಾಚ್ ನಿಮ್ಮದು ಎಂದ. ಎರಡು ಸಾವಿರನೇ ಇಸವಿ ಹುಟ್ಟಿದ ಕೂಡಲೇ ಜಗತ್ತಿನ ಕಂಪ್ಯೂಟರುಗಳೆಲ್ಲ ಕಣ್ಣು ಮುಚ್ಚುತ್ತವೆ ಎಂದು ಪೇಪರಿನವರು ಬರೆಯುತ್ತಿದ್ದ ಕಾಲ ಅದು. ನಂದಿ ಸೆಂಟರಿನ ಏಳೂ ಬದುಕಿದ್ದವು. ಅವುಗಳಲ್ಲಿ ಒಂದು ಮೊದಲಿಂದಲೂ ಸತ್ತೇ ಇತ್ತು. ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಸೋಮವಾರ ಹತ್ತೊಂಬತ್ತು ಜನ ಕೂತಿದ್ದರು. ಜಂಬಣ್ಣ ಸೀಮೆಸುಣ್ಣ ಕೈಗೆತ್ತಿಕೊಂಡ. ರಾತ್ರಿಯೆಲ್ಲ ಉರುಹೊಡೆದು ತಂದಿದ್ದ ಭಾಷಣ ಮರೆತುಹೋಯಿತು.

"ನಾನು ಇಲ್ಲಿ ಬಹಳ ವಿಷಯ ಹೇಳ್ತೀನಿ" ಎಂದ. "ಇದು ಮೊದಲು ಮಾಡಿ, ಅದು ಆಮೇಲೆ ಮಾಡಿ ಅಂತ. ಹೇಳಿದಾಗಲೆಲ್ಲ, ಯಾಕೆ, ಎಲ್ಲಿ ಬರೆದಿದೆ ಅಂತ ಕೇಳಿ. ನಾನು ತೋರಿಸಬೇಕು. ತೋರಿಸೋಕಾಗದಿದ್ರೆ ಮಾಡಬೇಡಿ."

ಹಿಂದಿನ ಬೆಂಚಿನಲ್ಲಿ ಒಬ್ಬಳು ಕೈಯೆತ್ತಿದಳು. ಹೆಸರು ಸ್ಫೂರ್ತಿ.

"ಸಾರ್, ಚಪ್ಪಲಿ ಹೊರಗೆ ಬಿಟ್ಟು ಬರಬೇಕು ಅಂತಾರಲ್ಲ, ಅದು ಎಲ್ಲಿ ಬರೆದಿದೆ? ನೆಲ ಕೊರೀತಿದೆ ಸಾರ್."

ಜಂಬಣ್ಣ ತನ್ನ ಬರಿಗಾಲು ನೋಡಿಕೊಂಡ. ಪಾಠ ನಿಲ್ಲಿಸಿ, ಗಾಜಿನ ಬಾಗಿಲು ತೆಗೆದು, ಪ್ರಸನ್ನಕುಮಾರನನ್ನೇ ಕೇಳಿದ.

"ಎಲ್ಲಾ ಕಡೆ ಹಾಗೇ ಅಲ್ವಾ ಜಂಬಣ್ಣ ಅವರೇ? ಧೂಳು ಬಂದ್ರೆ ಕಂಪ್ಯೂಟರ್ ಕೆಡುತ್ತೆ."

"ಎಲ್ಲಿ ಬರೆದಿದೆ?"

"ಬಂದು ಇನ್ನೂ ಇಪ್ಪತ್ತು ನಿಮಿಷ ಆಗಿಲ್ಲ ಮಾರಾಯ್ರೇ!" ಎನ್ನುತ್ತಲೇ ಪ್ರಸನ್ನಕುಮಾರ್ ಕಂಪ್ಯೂಟರಿನ ಜೊತೆ ಬಂದಿದ್ದ ದಪ್ಪ ಪುಸ್ತಕ ತೆಗೆದ. ಇಬ್ಬರೂ ಊಟದ ಹೊತ್ತಿನವರೆಗೆ ಹುಡುಕಿದರು. ಗುಡುಗು ಸಿಡಿಲಿನ ಮಾತಿತ್ತು, ಹತ್ತಿರ ಕಾಫಿ ಲೋಟ ಇಡಬಾರದೆಂದಿತ್ತು, ಸಮುದ್ರದ ಉಪ್ಪು ಗಾಳಿಯ ವಿಷಯ ಕೂಡ ಇತ್ತು. ಚಪ್ಪಲಿಯ ವಿಷಯ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಹತ್ತೊಂಬತ್ತು ಜೊತೆ ಚಪ್ಪಲಿ ಟಪಟಪ ಎನ್ನುತ್ತಾ ಒಳಗೆ ಬಂದವು. ಜಂಬಣ್ಣ ಮಾತ್ರ ತನ್ನದನ್ನು ಅಭ್ಯಾಸದಂತೆ ಮೆಟ್ಟಿಲ ಹತ್ತಿರವೇ ಬಿಟ್ಟು ಬಂದಿದ್ದ. ಯಾರೋ ಕಿಸಕ್ಕೆಂದರು. ಅವನು ಸೀಮೆಸುಣ್ಣ ಮೇಜಿನ ಮೇಲಿಟ್ಟು, "ಎರಡು ನಿಮಿಷ ಬಂದೆ" ಎಂದು ಹೊರಗೆ ಹೋದ, ಹಾಕಿಕೊಂಡು ಬಂದು ಪಾಠ ಮುಂದುವರಿಸಿದ.